ಎಚ್-ಇಂಡೆಕ್ಸ್ ನೋಡಿ ಪಿಎಚ್‌.ಡಿ. ಮಾರ್ಗದರ್ಶಕರನ್ನು ಆರಿಸಿಕೊಳ್ಳಬಹುದೇ?

ಇಬ್ಬರು ಜೀವಕೋಶ ವಿಜ್ಞಾನಿಗಳ ಪ್ರಬಂಧಗಳನ್ನೂ ಅವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದನ್ನೂ ತೋರಿಸುವ ಗೂಗಲ್ ಸ್ಕಾಲರ್ ಪುಟಗಳನ್ನು ಹೋಲಿಸಿ, ಒಟ್ಟು ಉಲ್ಲೇಖಗಳೂ ಅವುಗಳಿಂದಲೇ ಲೆಕ್ಕ ಹಾಕುವ ಎಚ್-ಇಂಡೆಕ್ಸ್ ಎಂಬ ಅಂಕಿಯೂ ಹೆಚ್ಚಿರುವವರ ಬಳಿಯೇ ಪಿಎಚ್‌.ಡಿ.ಗೆ ಸೇರುವುದು ಸರಿಯೇ ಎಂದು ನೀವು ಕೇಳಿದ್ದೀರಿ. ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವನಾಗಿ ನಾನು ಹೇಳುವುದಿಷ್ಟು: ಆ ಮೊತ್ತ ಯಾವ ಪ್ರಬಂಧಗಳಿಂದ ಬಂದಿದೆ, ಜನ ಅವನ್ನು ಯಾವ ಕಾರಣಕ್ಕೆ ಉಲ್ಲೇಖಿಸುತ್ತಾರೆ ಎಂಬುದನ್ನು ತೆರೆದು ನೋಡುವವರೆಗೆ ಅಂಕಿಗಳಿಂದ ಏನನ್ನೂ ತೀರ್ಮಾನಿಸಬೇಡಿ.

ಜಪಾನಿನ ಯೊಶಿನೊರಿ ಒಸುಮಿ ಅವರನ್ನೇ ತೆಗೆದುಕೊಳ್ಳಿ. ಜೀವಕೋಶವು ತನ್ನದೇ ಭಾಗಗಳನ್ನು ಅರಗಿಸಿಕೊಂಡು ಮರುಬಳಸುವ ಆಟೊಫೇಜಿ ಎಂಬ ಕ್ರಿಯೆಯ ಸಂಶೋಧನೆಗಾಗಿ 2016ರ ವೈದ್ಯಕೀಯ ನೊಬೆಲನ್ನು ಒಬ್ಬರೇ ಪಡೆದವರು ಇವರು. 1988ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯ ಆರಂಭಿಸಿದಾಗ ಅವರಿಗೆ ವಯಸ್ಸು ನಲವತ್ತು ದಾಟಿತ್ತು. ಪ್ರೋಟೀನನ್ನು ಒಡೆಯುವ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ಸಾರಜನಕವಿಲ್ಲದ ದ್ರವದಲ್ಲಿಟ್ಟು ಹಸಿವಿಗೆ ದೂಡಿದರೆ, ಅರಗದೆ ಉಳಿದ ದುಂಡನೆಯ ಕಣಗಳು ಕೆಲವೇ ಗಂಟೆಗಳಲ್ಲಿ ಕೋಶದೊಳಗಿನ ಚೀಲವಾದ ರಸದಾನಿಯೊಳಗೆ ತುಂಬಿ ಅತ್ತಿತ್ತ ಅಲುಗಾಡುವುದು ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಾಣುತ್ತಿತ್ತು. ಹೀಗೆ ಕಣ್ಣಿಗೆ ಕಂಡದ್ದರಿಂದಲೇ ಕಣಗಳು ತುಂಬದ, ಎಂದರೆ ಆಟೊಫೇಜಿ ನಡೆಯದ, ರೂಪಾಂತರಿತ ಯೀಸ್ಟನ್ನು ಹುಡುಕುವುದು ಸಾಧ್ಯವಾಯಿತು. 1993ರಲ್ಲಿ ಮಿಕಿ ಸುಕಾಡಾ ಅವರೊಡನೆ ಪ್ರಕಟಿಸಿದ ಪ್ರಬಂಧ ಆಟೊಫೇಜಿಗೆ ಬೇಕಾದ 15 ಜೀನ್‌ಗಳನ್ನು ಮುಂದಿಟ್ಟಿತು. ಅದು ಅಚ್ಚಾದದ್ದು 'ನೇಚರ್'ನಲ್ಲಾಗಲಿ 'ಸೆಲ್'ನಲ್ಲಾಗಲಿ ಅಲ್ಲ, ಚಿಕ್ಕ ಪ್ರಬಂಧಗಳನ್ನು ಪ್ರಕಟಿಸುವ 'ಫೆಬ್ಸ್ ಲೆಟರ್ಸ್'ನಲ್ಲಿ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್, ಎಂದರೆ ಅದರ ಪ್ರಬಂಧಗಳಿಗೆ ಸಿಗುವ ಉಲ್ಲೇಖಗಳ ಸರಾಸರಿ, ನೋಡಿ ಅಳೆಯುವವರು ಅದನ್ನು ಬದಿಗೆ ಸರಿಸಿಬಿಡುತ್ತಿದ್ದರು.

ಮುಂದೆ ನಡೆದದ್ದು ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. 2000ದಲ್ಲಿ ತಮೊತ್ಸು ಯೊಶಿಮೊರಿ ಮತ್ತು ಸಂಗಡಿಗರು ಸಸ್ತನಿ ಕೋಶಗಳಲ್ಲಿ ಎಲ್‌ಸಿ3 ಎಂಬ ಪ್ರೋಟೀನು ಆಟೊಫೇಜಿಯ ಗುರುತಾಗಬಲ್ಲದೆಂದು ತೋರಿಸಿದರು. ಆ ಬಳಿಕ ಕ್ಯಾನ್ಸರ್, ನರರೋಗ, ಸೋಂಕು ಎಂದು ಯಾವುದರ ಮೇಲೆ ಕೆಲಸ ಮಾಡುವವರಿಗೂ ಅಳೆಯಲು ಒಂದು ಸಾಧನ ಸಿಕ್ಕಿತು. ಆದ್ದರಿಂದ ಆ ಪ್ರಬಂಧದ ಉಲ್ಲೇಖಗಳು 1993ರದ್ದನ್ನು ಬಹಳ ಹಿಂದೆ ಹಾಕಿವೆ. ಅದರ ಲೇಖಕರಲ್ಲಿ ಒಸುಮಿಯವರೂ ಇದ್ದಾರೆ, ಆದರೆ ಕೊನೆಯ ಹೆಸರು ಯೊಶಿಮೊರಿಯವರದು. ನಮ್ಮ ಕ್ಷೇತ್ರದ ರೂಢಿಯಲ್ಲಿ ಮೊದಲ ಹೆಸರು ಪ್ರಯೋಗ ಮಾಡಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. ಸ್ಕಾಲರ್ ಪುಟದ ಮೊತ್ತಕ್ಕೆ ಈ ಭೇದ ಗೊತ್ತಿಲ್ಲ. ವಿಧಾನವನ್ನು ಹೇಳುವ ಪ್ರಬಂಧಗಳ ಉಲ್ಲೇಖ ಹೀಗೆ ಏರುವುದು ಹೊಸದೂ ಅಲ್ಲ: ಪ್ರೋಟೀನ್ ಅಳೆಯುವ ಬಗೆಯನ್ನು ವಿವರಿಸಿದ ಜೀವರಸಾಯನ ವಿಜ್ಞಾನಿ ಆಲಿವರ್ ಲೌರಿಯವರ 1951ರ ಪ್ರಬಂಧ ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖ ಪಡೆದಿದೆ. ಇದೇ ಕ್ಷೇತ್ರದ ಇನ್ನೊಂದು ವಿಚಿತ್ರ, ಆಟೊಫೇಜಿಯನ್ನು ಅಳೆಯುವ ಕುರಿತ ಮಾರ್ಗಸೂಚಿ. 2016ರ ಆವೃತ್ತಿಗೆ ಎರಡು ಸಾವಿರಕ್ಕೂ ಮಿಕ್ಕ ಲೇಖಕರಿದ್ದು, ಅದರ ಸಾವಿರಾರು ಉಲ್ಲೇಖಗಳು ಅಷ್ಟೂ ಜನರ ಲೆಕ್ಕಕ್ಕೆ ಪೂರ್ತಿಯಾಗಿ ಜಮೆಯಾಗುತ್ತವೆ.

ಎಚ್-ಇಂಡೆಕ್ಸ್ 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಸೂಚಿಸಿದ ಅಳತೆ. ತಲಾ ಕನಿಷ್ಠ 40 ಉಲ್ಲೇಖ ಪಡೆದ 40 ಪ್ರಬಂಧಗಳಿದ್ದು, 41ಕ್ಕೆ ಅದೇ ಮಾತು ನಿಲ್ಲದಿದ್ದರೆ ಅಂಕಿ 40. ಒಂದೇ ಪ್ರಬಂಧದ ಅಬ್ಬರದಿಂದ ಅದು ಉಬ್ಬುವುದಿಲ್ಲ ಎಂಬುದು ಗುಣವೇ ಸರಿ. ಆದರೆ ಇಡೀ ಕ್ಷೇತ್ರವನ್ನೇ ತೆರೆದ ಪ್ರಬಂಧಕ್ಕೂ ಗಡಿ ದಾಟಿದ ಸಾಧಾರಣ ಪ್ರಬಂಧಕ್ಕೂ ಅಲ್ಲಿ ಸಿಗುವುದು ಒಂದೇ ಅಂಕ, ಮತ್ತು ವಯಸ್ಸಾದಂತೆ ಅದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಪತ್ರಿಕೆಯ ಅಂಕಿಗಳಿಂದ ವಿಜ್ಞಾನಿಯನ್ನು ಅಳೆಯಬಾರದೆಂಬ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ 2012ರಲ್ಲಿ ರೂಪುಗೊಂಡದ್ದೂ ಅಮೆರಿಕದ ಜೀವಕೋಶ ವಿಜ್ಞಾನ ಸಂಘದ ವಾರ್ಷಿಕ ಸಮ್ಮೇಳನದಲ್ಲೇ. ಈ ಲೆಕ್ಕದಿಂದ ನೊಂದವರು ನಮ್ಮವರೇ ಎಂದಾಯಿತು.

ನೀವಾದರೋ ಆರಿಸುತ್ತಿರುವುದು ಮಾರ್ಗದರ್ಶಕರನ್ನು. ಇಬ್ಬರ ಪುಟಗಳನ್ನೂ ವರ್ಷವಾರು ಜೋಡಿಸಿ, ಈಚಿನ ಐದಾರು ವರ್ಷಗಳಲ್ಲಿ ಅವರು ಕೊನೆಯ ಲೇಖಕರಾಗಿರುವ ಪ್ರಬಂಧಗಳನ್ನಷ್ಟೇ ಓದಿ. ಅವುಗಳ ಮೊದಲ ಲೇಖಕರು ಅದೇ ಪ್ರಯೋಗಾಲಯದ ವಿದ್ಯಾರ್ಥಿಗಳೇ, ಅವರು ಈಗ ಎಲ್ಲಿದ್ದಾರೆ ಎಂದು ಹುಡುಕಿ, ಒಬ್ಬಿಬ್ಬರಿಗೆ ಬರೆದು ಕೇಳಿ. ಅಂಕಿಗಳನ್ನು ಹೋಲಿಸಲೇಬೇಕಿದ್ದರೆ ಒಬ್ಬರ ಗೂಗಲ್ ಸ್ಕಾಲರ್ ಮೊತ್ತವನ್ನು ಸ್ಕೋಪಸ್ ಎಂಬ ಇನ್ನೊಂದು ಉಲ್ಲೇಖ-ದತ್ತಸಂಚಯದಲ್ಲಿನ ಇನ್ನೊಬ್ಬರ ಮೊತ್ತದ ಎದುರು ಇಡಬೇಡಿ, ಸ್ಕಾಲರ್ ಪಿಎಚ್‌.ಡಿ. ಪ್ರಬಂಧ, ಪ್ರಿಪ್ರಿಂಟ್‌ (ಪತ್ರಿಕೆಯಲ್ಲಿ ಅಚ್ಚಾಗುವ ಮುನ್ನ ಹಂಚಿದ ಪ್ರಬಂಧ)ಗಳಲ್ಲಿನ ಉಲ್ಲೇಖಗಳನ್ನೂ ಸೇರಿಸಿಕೊಳ್ಳುವುದರಿಂದ ಸಾಮಾನ್ಯವಾಗಿ ಅದರ ಮೊತ್ತವೇ ಹೆಚ್ಚಿರುತ್ತದೆ.