ಗೂಗಲ್‌ನಲ್ಲಿ ಸರಿ, ವಾಟ್ಸಾಪ್‌ನಲ್ಲಿ ಖಾಲಿ: ಮೆಟಾ ಟ್ಯಾಗ್ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಸಣ್ಣ ಕನ್ನಡ ಸುದ್ದಿತಾಣ. ಪ್ರತಿ ಲೇಖನದ ಜೇಸನ್-ಎಲ್‌ಡಿ (ಶೀರ್ಷಿಕೆ, ಲೇಖಕ, ಚಿತ್ರ ಮುಂತಾದವನ್ನು ಯಂತ್ರಗಳಿಗೆ ತಿಳಿಸಲು ಪುಟದಲ್ಲಿಡುವ ಮಾಹಿತಿ) ಓದಿ ಮೆಟಾ ಟ್ಯಾಗ್ (ಪುಟದ ವಿವರಣೆ, ಚಿತ್ರ ಇತ್ಯಾದಿ ಹೇಳುವ, ಓದುಗರಿಗೆ ಕಾಣದ ಎಚ್‌ಟಿಎಂಎಲ್ ಸಾಲು) ತಯಾರಿಸುವ ಸ್ಕ್ರಿಪ್ಟ್ ಹಾಕಿದ್ದೇವೆ. ಗೂಗಲ್‌ನಲ್ಲಿ ಎಲ್ಲ ಸರಿ. ವಾಟ್ಸಾಪ್‌ನಲ್ಲಿ ಹಂಚಿದರೆ ಚಿತ್ರವೂ ಇಲ್ಲ, ವಿವರಣೆಯೂ ಇಲ್ಲ. ಇದು ವಾಟ್ಸಾಪ್ ದೋಷವೇ?

ಉತ್ತರ: ಅಲ್ಲ. ಪದೇ ಪದೇ ಇದನ್ನೇ ಕೇಳುತ್ತಿದ್ದೀರಿ, ಆದ್ದರಿಂದ ಈ ಸಲ ಬಿಡಿಸಿ ಹೇಳುತ್ತೇನೆ.

ನಿಮ್ಮ ಸ್ಕ್ರಿಪ್ಟ್ ಓಡುವುದು ಬ್ರೌಸರ್‌ನಲ್ಲಿ. ಗೂಗಲ್ ಜಾವಾಸ್ಕ್ರಿಪ್ಟ್ ಓಡಿಸಿ ನೋಡುತ್ತದೆ, ವಾಟ್ಸಾಪ್ ಓಡಿಸುವುದಿಲ್ಲ. ಸರ್ವರ್ ಕಳಿಸಿದ ಎಚ್‌ಟಿಎಂಎಲ್‌ನಲ್ಲಿ ಇದ್ದದ್ದಷ್ಟೇ ಅದಕ್ಕೆ ಕಾಣುವುದು. ‘ವ್ಯೂ ಪೇಜ್ ಸೋರ್ಸ್’ ತೆರೆದು ನೋಡಿ. ‘ಇನ್‌ಸ್ಪೆಕ್ಟ್’ ನೋಡಿ ಸಮಾಧಾನಪಡಬೇಡಿ, ಅದು ಸ್ಕ್ರಿಪ್ಟ್ ಓಡಿದ ಮೇಲಿನ ಪುಟ. ಸೋರ್ಸ್‌ನಲ್ಲಿ ಓಜಿ:ಇಮೇಜ್ (ಪ್ರಿವ್ಯೂಗೆ ಯಾವ ಚಿತ್ರ ಎಂದು ಹೇಳುವ ಮೆಟಾ ಟ್ಯಾಗ್) ಇಲ್ಲವೆಂದರೆ ಪ್ರಿವ್ಯೂನಲ್ಲಿ ಚಿತ್ರ ಎಲ್ಲಿಂದ ಬರಬೇಕು? ಟ್ಯಾಗ್ ತಯಾರಿಯನ್ನು ಸರ್ವರ್‌ಗೆ ಒಯ್ಯಿರಿ. ಡೇಟಾಬೇಸಿನ ಒಂದೇ ದಾಖಲೆಯಿಂದ ಜೇಸನ್-ಎಲ್‌ಡಿಯೂ ಮೆಟಾ ಟ್ಯಾಗೂ ಹುಟ್ಟಲಿ. ಒಂದನ್ನು ನೋಡಿ ಇನ್ನೊಂದನ್ನು ಬರೆಯುವ ಪದ್ಧತಿಯೇ ನನಗೆ ಒಪ್ಪಿಗೆಯಿಲ್ಲ.

ಪ್ಲಗಿನ್ ಕೊಡುವ ಜೇಸನ್-ಎಲ್‌ಡಿ ಬಿಟ್ಟರೆ ಬೇರೆ ಗತಿಯಿಲ್ಲ ಎನ್ನುವವರು ‘ಇಮೇಜ್’ ಫೀಲ್ಡನ್ನು ನಂಬಬೇಡಿ. ಅದು ಬರೀ ವಿಳಾಸವಾಗಿರಬಹುದು, ‘ಇಮೇಜ್‌ಆಬ್ಜೆಕ್ಟ್’ (ವಿಳಾಸದ ಜೊತೆ ಬೇರೆ ವಿವರಗಳೂ ಇರುವ ಗುಚ್ಛ) ಆಗಿರಬಹುದು, ಹಲವು ಚಿತ್ರಗಳ ಪಟ್ಟಿಯೂ ಆಗಿರಬಹುದು. ಈ ಫೀಲ್ಡ್‌ಗಳ ಹೆಸರು, ಅರ್ಥಗಳನ್ನು ನಿಗದಿಪಡಿಸುವ ಸ್ಕೀಮಾ ಡಾಟ್ ಆರ್ಗ್ ಪ್ರಕಾರ ಮೂರೂ ಸರಿ. ಮೂರನ್ನೂ ಪರೀಕ್ಷಿಸದ ಕೋಡ್ ಚಿತ್ರದ ವಿಳಾಸವಿರಬೇಕಾದ ಕಡೆ ‘ಆಬ್ಜೆಕ್ಟ್ ಆಬ್ಜೆಕ್ಟ್’ ಎಂದು ಬರೆದಿಡುತ್ತದೆ. ‘ಆಥರ್’ ಫೀಲ್ಡಿನ ಕಥೆಯೂ ಇದೇ. ಸಿಕ್ಕ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಪೂರ್ಣ ವಿಳಾಸವಾಗಿರಲಿ.

ಕನ್ನಡ ತಾಣಗಳಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ವಿವರಣೆಯ ಕತ್ತರಿ ಕೆಲಸ. ಇಂಗ್ಲಿಷ್ ಟ್ಯುಟೋರಿಯಲ್ ನೋಡಿ ‘160 ಅಕ್ಷರಕ್ಕೆ ಕತ್ತರಿಸು’ ಎಂದು ಬರೆಯುತ್ತಾರೆ. ಆದರೆ ಪಿಎಚ್‌ಪಿ ಭಾಷೆಯಲ್ಲಿ ಪಠ್ಯ ಕತ್ತರಿಸುವ ‘ಸಬ್‌ಸ್ಟ್ರ್’ ಎಣಿಸುವುದು ಬೈಟ್‌ಗಳನ್ನು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಹಾಗಾಗಿ ವಾಕ್ಯ ಅರ್ಧಕ್ಕೂ ಮೊದಲೇ ಮುಗಿಯುತ್ತದೆ, ಕೊನೆಗೊಂದು ಒಡೆದ ಚಿಹ್ನೆಯೂ ಉಳಿಯಬಹುದು. ‘ಎಂಬಿ-ಸಬ್‌ಸ್ಟ್ರ್’ ಬಳಸಿದರೆ ಚಿಹ್ನೆ ಒಡೆಯುವುದಿಲ್ಲ, ಒತ್ತಕ್ಷರ ಒಡೆಯಬಹುದು: ‘ರಾಷ್ಟ್ರ’ದಲ್ಲಿ 7 ಕೋಡ್‌ಪಾಯಿಂಟ್‌ಗಳಿವೆ (ಯುನಿಕೋಡ್‌ನ ಬಿಡಿ ಚಿಹ್ನೆಗಳು), ನಾಲ್ಕಕ್ಕೆ ಕತ್ತರಿಸಿದರೆ ‘ರಾಷ್’ ಉಳಿಯುತ್ತದೆ. ಮಿತಿಗಿಂತ ಹಿಂದಿನ ಖಾಲಿ ಜಾಗ ಹುಡುಕಿ ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಒಳ್ಳೆಯದು, ಉಪಸಂಪಾದಕರಿಂದ ಎರಡು ವಾಕ್ಯ ಬರೆಸುವುದು.

ಕತ್ತರಿಸಿದ ಮೇಲೆ ಎಚ್‌ಟಿಎಂಎಲ್ ಎಸ್ಕೇಪ್ ಮಾಡಿ (ಉದ್ಧರಣದಂಥ ವಿಶೇಷ ಚಿಹ್ನೆಗಳನ್ನು ಸಂಕೇತಗಳಾಗಿ ಬದಲಿಸಿ), ಮೊದಲಲ್ಲ. ಮರೆತರೆ ಶೀರ್ಷಿಕೆಯಲ್ಲಿರುವ ಒಂದು ಜೋಡಿ ಉದ್ಧರಣ ಚಿಹ್ನೆ ಸಾಕು, ಟ್ಯಾಗ್ ನಡುವೆಯೇ ಮುಗಿದುಹೋಗುತ್ತದೆ.

ಪ್ರಶ್ನೆ: ಜೇಸನ್-ಎಲ್‌ಡಿಯಲ್ಲಿರುವ ಕೀವರ್ಡ್‌ಗಳನ್ನೆಲ್ಲ ಮೆಟಾ ಕೀವರ್ಡ್ಸ್‌ಗೆ ಹಾಕಲೇ?

ಉತ್ತರ: ಬೇಡ. ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಪ್ರಶ್ನೆ: ಸ್ಕೀಮಾ (ಜೇಸನ್-ಎಲ್‌ಡಿಯಂಥ ಮಾಹಿತಿ) ಹಾಕಿ ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇನೆಂದು ಒಬ್ಬರು ಗ್ಯಾರಂಟಿ ಕೊಡುತ್ತಿದ್ದಾರೆ. ದುಡ್ಡು ಕೊಡಬಹುದೇ?

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾಗದು ಎಂದು ಗೂಗಲ್ಲೇ ಎಚ್ಚರಿಸುತ್ತದೆ. ಪುಟದಲ್ಲಿಲ್ಲದ ರೇಟಿಂಗ್‌ಗಳನ್ನು ಇಂಥವರು ಸ್ಕೀಮಾದಲ್ಲಿ ತುಂಬಿಟ್ಟು ಹೋದರೆ, ಗೂಗಲ್‌ನ ಮ್ಯಾನುಯಲ್ ಆ್ಯಕ್ಷನ್ (ನಿಯಮ ಮುರಿದದ್ದಕ್ಕೆ ದಂಡನೆ) ಬೀಳುವುದು ನಿಮ್ಮ ತಾಣದ ಮೇಲೆ. ತಾಣ ಗೂಗಲ್ ಹುಡುಕಾಟದಲ್ಲಿ ಹೇಗಿದೆಯೆಂದು ಮಾಲೀಕರಿಗೆ ತೋರಿಸುವ ಸರ್ಚ್ ಕನ್ಸೋಲ್‌ಗೆ ಅವರಿಗೆ ಈಗಾಗಲೇ ಪ್ರವೇಶ ಕೊಟ್ಟಿದ್ದರೆ ಇವತ್ತೇ ತೆಗೆಯಿರಿ.