ಹಳೆಯ ಫ್ಲೆಕ್ಸ್ ತಂತ್ರಾಂಶ: ರಫಲ್ ಸಾಕೇ?

ದಾಸ್ತಾನು ಲೆಕ್ಕದ ನಿಮ್ಮ ಹಳೆಯ ಫ್ಲೆಕ್ಸ್ ತಂತ್ರಾಂಶವನ್ನು (ಫ್ಲೆಕ್ಸ್ ಎಂದರೆ ಫ್ಲ್ಯಾಶ್ ಪ್ಲೇಯರ್‌ನಲ್ಲಿ ಓಡುವ ತಂತ್ರಾಂಶ ಕಟ್ಟಲು ಅಡೋಬಿ ಕೊಟ್ಟಿದ್ದ ಸಾಧನ) ಫ್ಲ್ಯಾಶ್ ಪ್ಲೇಯರ್ ಇಲ್ಲದೆಯೇ ಫ್ಲ್ಯಾಶ್ ಕಡತಗಳನ್ನು ಓಡಿಸುವ ರಫಲ್‌ನಲ್ಲಿ ಓಡಿಸಬಹುದೇ ಎಂದು ಕೇಳಿದ್ದೀರಿ. ನಾನಾದರೆ ಆ ದಾರಿ ಹಿಡಿಯುವುದಿಲ್ಲ. ಹಳೆಯ ಆಟ, ಅನಿಮೇಷನ್‌ಗಳಿಗೆ ರಫಲ್ ಚೆನ್ನ. ಕಚೇರಿಯ ಲೆಕ್ಕವನ್ನು ಅದರ ಮೇಲೆ ಹೊರಿಸುವ ಧೈರ್ಯ ನನಗಿಲ್ಲ.

ಮೂಲ ಕೋಡ್ ಕೈಯಲ್ಲಿದ್ದರೆ ಫ್ಲೆಕ್ಸ್‌ನ ಮುಂದಿನ ಪೀಳಿಗೆಯಾದ ಅಪಾಚೆ ರಾಯಲ್ ನೋಡಿ. ಫ್ಲೆಕ್ಸ್ ತಂತ್ರಾಂಶ ಬರೆಯುವ ಭಾಷೆಗಳಾದ ಎಂಎಕ್ಸ್‌ಎಂಎಲ್, ಆಕ್ಷನ್‌ಸ್ಕ್ರಿಪ್ಟ್ ಕಡತಗಳನ್ನು ಅದು ಬ್ರೌಸರ್‌ಗಳು ನೇರವಾಗಿ ಓಡಿಸುವ ಜಾವಾಸ್ಕ್ರಿಪ್ಟ್‌ಗೆ ಕಂಪೈಲ್ ಮಾಡುತ್ತದೆ (ಅಂದರೆ ಬದಲಾಯಿಸಿ ಕೊಡುತ್ತದೆ). ಎಲ್ಲವೂ ಇದ್ದಂತೆಯೇ ಬಂದುಬಿಡುತ್ತದೆ ಎಂದುಕೊಳ್ಳಬೇಡಿ, ಪರದೆಗಳನ್ನು ಕುಳಿತು ತಿದ್ದಬೇಕಾಗುತ್ತದೆ. 2011ರಲ್ಲಿ ಅಡೋಬಿ ಫ್ಲೆಕ್ಸನ್ನು ಮುಕ್ತ ತಂತ್ರಾಂಶಗಳನ್ನು ನೋಡಿಕೊಳ್ಳುವ ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿದ್ದರಿಂದಲೇ ಸ್ವಯಂಸೇವಕರು ಅದನ್ನು ಇಷ್ಟು ದೂರ ಎಳೆದು ತಂದಿದ್ದಾರೆ. ಬಳಗ ಚಿಕ್ಕದು, ಜನಪ್ರಿಯ ವೆಬ್ ಸಾಧನವಾದ ರಿಯಾಕ್ಟ್‌ನವರ ಜಾತ್ರೆಯನ್ನು ಅಲ್ಲಿ ನಿರೀಕ್ಷಿಸಬೇಡಿ.

ಕೋಡ್ ಕಳೆದುಹೋಗಿದೆಯೇ? ಹಾಗಾದರೆ ಹೊಸದಾಗಿಯೇ ಬರೆಯಿರಿ. ಅಲ್ಲಿಯವರೆಗೆ ಫ್ಲ್ಯಾಶ್ ಪ್ಲೇಯರ್ ಇರುವ ಆ ಕಂಪ್ಯೂಟರನ್ನು ಅಂತರ್ಜಾಲಕ್ಕೆ ಸೇರಿಸಬೇಡಿ. 2020ರ ಡಿಸೆಂಬರ್ 31ಕ್ಕೇ ಅಡೋಬಿ ಫ್ಲ್ಯಾಶ್ ಪ್ಲೇಯರ್‌ನ ಬೆಂಬಲ ನಿಲ್ಲಿಸಿದೆ, ಭದ್ರತೆಯ ತಿದ್ದುಪಡಿಗಳು ಇನ್ನು ಬರುವುದಿಲ್ಲ.