ಫೋನ್‌ಪೇದಿಂದ ಗೂಗಲ್ ಪೇಗೆ ರೊಕ್ಕ ಹೋಗ್ತೈತಿ, ಮೆಸೇಜ್ ಯಾಕ ಹೋಗಂಗಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನಾನು ಮನ್ಯಾಗ ಕುಂತ ಇಳಕಲ್ ಸೀರಿ ಮಾರ್ತೀನಿ. ಗಿರಾಕಿ ಎಲ್ಲಾ ವಾಟ್ಸಾಪ್‌ನಾಗ ಅದಾರ, ಆದ್ರ ಬೆಳಗಾವಿ ಕಡೆ ಕೆಲವರು ಟೆಲಿಗ್ರಾಮ್‌ಗೆ ಹಾಕ್ರಿ ಅಂತಾರ, ಮೊನ್ನೆ ಒಬ್ಬರು ಅರಟ್ಟೈ ಅನ್ನೋ ಇನ್ನೊಂದು ಚಾಟ್ ಆ್ಯಪ್ ಇಳಿಸ್ಕೋರಿ ಅಂದ್ರು. ಒಂದ ಗೋಮಿ ದಡಿ ಸೀರಿ ಫೋಟೋ ಮೂರು ಕಡೆ ಕಳಸಬೇಕಾಗೇತಿ. ರೊಕ್ಕ ಆದ್ರ ಯಾವ ಆ್ಯಪಿಂದ ಯಾವ ಆ್ಯಪಿಗಾದ್ರೂ ಹೋಗ್ತೈತಿ, ಫೋಟೋ ಕಳಸೂದು ಅದಕ್ಕಿಂತ ಕಷ್ಟ ಐತೇನ್ರಿ?
– ಓದುಗರು, ಇಳಕಲ್

ಉತ್ತರ: ಅಂಥಾ ಕಷ್ಟ ಏನಿಲ್ರಿ ಅಕ್ಕಾರ, ಆ್ಯಪ್ ಕಂಪನಿಯವರಿಗೆ ಮನಸ್ಸಿಲ್ಲ ಅಷ್ಟ. ರೊಕ್ಕ ಯಾಕ ಹೋಗ್ತೈತಿ ಅಂದ್ರ 2016ರಾಗ ಎನ್‌ಪಿಸಿಐ ಅನ್ನೋ ರಾಷ್ಟ್ರೀಯ ಪಾವತಿ ನಿಗಮ ಯುಪಿಐ ತಂತು, ಎಲ್ಲಾ ಬ್ಯಾಂಕು ಎಲ್ಲಾ ಆ್ಯಪು ಅದ ಒಂದ ಪದ್ಧತಿ ಪಾಲಿಸಬೇಕು, ನಮ್ಮ ಗಿರಾಕಿ ನಿಮ್ಮ ಗಿರಾಕಿಗೆ ರೊಕ್ಕ ಹಾಕಂಗಿಲ್ಲ ಅನ್ನಾಕ ಯಾರಿಗೂ ಬರಂಗಿಲ್ಲ. ಇಮೇಲೂ ಹಂಗ. ಜಾನ್ ಪೋಸ್ಟೆಲ್ ಅನ್ನೋರು 1982ರಾಗ ಎಸ್‌ಎಂಟಿಪಿ ಅನ್ನೋ ಇಮೇಲ್ ಕಳಸೂ ನಿಯಮ ಬರೆದು ಎಲ್ಲಾರ ಮುಂದ ಇಟ್ರು, ಯಾರ ಬೇಕಾದ್ರೂ ಓದಿ ತಮ್ಮದೊಂದು ಮೇಲ್ ಸರ್ವರ್ ಕಟ್ಕೋಬಹುದು, ಅದಕ್ಕ ಇವತ್ತಿಗೂ ಜಿಮೇಲಿಂದ ಯಾಹೂಗೆ ಪತ್ರ ಹೋಗ್ತೈತಿ. (ಬಾಗಿಲಾ ತೆರೆದಿಟ್ಟದ್ದಕ್ಕ ಲಾಟರಿ ಹೊಡದೈತಿ ಅನ್ನೋ ಕಸಾನೂ ಒಳಗ ಬರ್ತೈತಿ, ಅದೂ ಖರೇನ.)

ಚಾಟ್‌ನಾಗೂ ಇಂಥಾ ನಿಯಮ ಇಲ್ಲಂತಲ್ಲ. ಎಕ್ಸ್‌ಎಂಪಿಪಿ ಅಂತ ಒಂದೈತಿ. 2005ರಾಗ ಶುರುವಾದ ಗೂಗಲ್ ಟಾಕ್ ಅದರ ಮ್ಯಾಲ ನಡೀತಿತ್ತು, ಬ್ಯಾರೆ ಸರ್ವರಿನವರ ಜೋಡಿನೂ ಮಾತಾಡಬಹುದಿತ್ತು, 2013ರಾಗ ಅದರ ಬದಲಿ ಗೂಗಲ್‌ನ ಹ್ಯಾಂಗೌಟ್ಸ್ ಬಂತು, ಆ ದಾರಿ ಮುಚ್ಚಿತು. ಇನ್ನ ಮಜಾ ಏನಂದ್ರ ವಾಟ್ಸಾಪ್ ಹುಟ್ಟಿದ್ದೂ ಅದ ಎಕ್ಸ್‌ಎಂಪಿಪಿನ ತಮಗ ಬೇಕಾದಂಗ ತಿದ್ದಿಕೊಂಡು! ಊರ ಬಾವಿ ನೀರು ತಂದು ಮನಿ ಹೌದಿಗೆ ತುಂಬಿ ಕೀಲಿ ಹಾಕಿದಂಗಾತು. 2014ರಾಗ ಫೇಸ್‌ಬುಕ್ 1900 ಕೋಟಿ ಡಾಲರ್ ಕೊಡತೀನಿ ಅಂತ ಮುಂದ ಬಂದದ್ದು ಆ ಹೌದಿನ್ಯಾಗ ಇದ್ದ ಮಂದಿಗೆ, ತಂತ್ರಜ್ಞಾನಕ್ಕ ಅಲ್ಲ, ಅಂತ ನನ್ನ ಲೆಕ್ಕ. ಎನ್‌ಕ್ರಿಪ್ಶನ್ (ಬ್ಯಾರೆಯವರು ಓದದಂಗ ಮೆಸೇಜಿಗೆ ಹಾಕೋ ಕೀಲಿ) ಇಟ್ಕೊಂಡು ಎರಡು ಆ್ಯಪ್ ಕೂಡಿಸೋದು ತುಸು ತಲಿನೋವಿನ ಕೆಲಸ ಹೌದು, ಆದ್ರ ಕಾಯ್ದೆ ಬಂದ್ರ ಮಾಡ್ತಾರ. ಯುರೋಪಿನಾಗ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಪ್ರಕಾರ 2024ರ ಮಾರ್ಚಿನಿಂದ, ಬ್ಯಾರೆ ಆ್ಯಪಿನವರು ಕೇಳಿದ್ರ ಅವರ ಮೆಸೇಜಿಗೆ ವಾಟ್ಸಾಪ್ ಜಾಗಾ ಕೊಡಬೇಕು. ಇಳಕಲ್ಲಿಗೆ ಆ ಕಾಯ್ದೆ ಬರಂಗಿಲ್ಲ ಬಿಡ್ರಿ.

ಸದ್ಯಕ್ಕ ಮೂರು ಕಡೆ ಕಳಸೂದು ತಪ್ಪಂಗಿಲ್ಲ. ಆದ್ರ ಗಿರಾಕಿ ನಂಬರ್ ಬರೇ ಗ್ರೂಪಿನ್ಯಾಗ ಬಿಡಬ್ಯಾಡ್ರಿ, ನಾಳೆ ಅಕೌಂಟ್ ಬಂದ್ ಆದ್ರ ಕೈಗೆ ಏನೂ ಉಳಿಯಂಗಿಲ್ಲ. ಒಂದೊಂದು ನಂಬರ್ ಹೆಸರು ಹಚ್ಚಿ ಕಾಂಟ್ಯಾಕ್ಟ್‌ನಾಗ ಸೇವ್ ಮಾಡ್ರಿ, ಕಾಂಟ್ಯಾಕ್ಟ್ಸ್ ಆ್ಯಪಿನ್ಯಾಗ ಎಕ್ಸ್‌ಪೋರ್ಟ್ ಅಂತ ಇರ್ತೈತಿ, ಒತ್ತಿದ್ರ ಎಲ್ಲಾ ಹೆಸರು ನಂಬರ್ ಇರೋ ವಿಸಿಎಫ್ ಫೈಲ್ ಬರ್ತೈತಿ, ಅದನ್ನ ನಿಮ್ಮ ಇಮೇಲಿಗೆ ನೀವ ಕಳಿಸಿಕೊಂಡು ಇಡ್ರಿ. ಯಾವ ಕಂಪನಿ ಫೋನಾದ್ರೂ ಅದು ತೆರೀತೈತಿ.

ಪ್ರಶ್ನೆ: ಹಳೇ 'ನುಡಿ' ಸಾಫ್ಟ್‌ವೇರಿನ್ಯಾಗ ಟೈಪ್ ಮಾಡಿದ ವಚನದ ಲೇಖನ ಮೊಮ್ಮಗನ ಮೊಬೈಲ್‌ನಾಗ ಇಂಗ್ಲಿಷ್ ಕಲಸುಮೇಲೋಗರ ಆಗಿ ಕಾಣ್ತೈತಿ. ವೈರಸ್ಸೇನು?
– ನಿವೃತ್ತ ಮಾಸ್ತರ, ವಿಜಯಪುರ

ಉತ್ತರ: ವೈರಸ್ ಅಲ್ರಿ ಗುರುಗಳ. ಹಳೇ ಫಾಂಟು ಇಂಗ್ಲಿಷ್ ಅಕ್ಷರದ ಜಾಗಾದಾಗ ಕನ್ನಡದ ಚಿತ್ರ ಕುಂದರಸಿದ್ದು, ಆ ಫಾಂಟ್ ಇಲ್ಲದ ಕಡೆ 'ಕ' ಅನ್ನೋದು 'ಪಿ' ಜೋಡಿ ತಲಿಮ್ಯಾಲ ಗೀಟು ಹೊತ್ತ 'ಎ' ಆಗಿ ಕಾಣ್ತೈತಿ. ಯುನಿಕೋಡ್ ಅನ್ನೋ ಎಲ್ಲಾ ಭಾಷಾದ ಅಕ್ಷರಪಟ್ಟಿಯಾಗ ಕನ್ನಡಕ್ಕಂತ 128 ಮನಿ ಬ್ಯಾರೇನ ಇಟ್ಟಾರ, ಅದರಾಗ ಬರೆದದ್ದು ಎಲ್ಲೆ ಹೋದ್ರೂ ಕನ್ನಡನ. ಹಳೇದನ್ನ ಬದಲಿ ಮಾಡೋ ಕನ್ವರ್ಟರ್ ಪುಕ್ಕಟೆ ಸಿಗ್ತಾವು, ಮೊಮ್ಮಗಗ ಹೇಳ್ರಿ. ಬದಲಿ ಆದ ಮ್ಯಾಲ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾಡಿಸ್ರಿ, ಅಲ್ಲೇ ತಪ್ಪು ಜಾಸ್ತಿ ಉಳೀತಾವು.